52ರಲ್ಲಿ 27 ಹೋದ್ರೆ 35 ಯಾಕೆ ಬರುತ್ತೆ?

ಒಂದು ಸಣ್ಣ ಲೆಕ್ಕ. 52ರಲ್ಲಿ 27 ಕಳೆದರೆ 25. ಆದರೆ ಪ್ರೈಮರಿ ಶಾಲೆಯ ಎಷ್ಟೋ ಮಕ್ಕಳು 35 ಅಂತ ಬರೀತಾರೆ. ಅದೇ ಮಗುವಿಗೆ 63ರಲ್ಲಿ 48 ಕಳಿ ಅಂದ್ರೆ 25 ಅನ್ನುತ್ತೆ. ಇದು ಬಾಯಿಗೆ ಬಂದ ಉತ್ತರ ಅಲ್ಲ. ಮೇಲಿರಲಿ ಕೆಳಗಿರಲಿ, ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆಯಬೇಕು ಅನ್ನೋ ಒಂದು ನಿಯಮವನ್ನು ಆ ಮಗು ಚಾಚೂ ತಪ್ಪದೆ ಪಾಲಿಸ್ತಿದೆ.

ಕೋಡ್ ಬರೆಯುವ ನಾವು ಇದಕ್ಕೆ ಬಗ್ ಅಂತೀವಿ. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು ಸಂಶೋಧಕರು ಕೂಡ ಇದನ್ನು ಬಗ್ ಅಂತಲೇ ಕರೆದು, ಮಕ್ಕಳ ತಪ್ಪು ಉತ್ತರದಿಂದ ಅವರ ತಲೆಯೊಳಗಿನ ನಿಯಮವನ್ನು ಹುಡುಕುವ ಬಗೆಯನ್ನು ತೋರಿಸಿದರು. ಆದ್ರೆ ಕ್ಲಾಸಲ್ಲಿ ಆಗೋದೇನು? ಕೆಂಪು ಇಂಕಿನಲ್ಲಿ ಒಂದು ತಪ್ಪು ಗುರುತು ಬೀಳುತ್ತೆ, ಪಾಠ ಮುಂದಕ್ಕೆ ಹೋಗುತ್ತೆ. ಬಗ್ ಮಾತ್ರ ಹಾಗೇ ಉಳಿಯುತ್ತೆ. ಕಳೆಯೋದು ಬರದಿದ್ದರೆ ಭಾಗಾಕಾರ ಬರಲ್ಲ, ಭಾಗಾಕಾರ ಬರದಿದ್ದರೆ ಭಿನ್ನರಾಶಿ ಇಲ್ಲ, ಅದಿಲ್ಲದೆ ಬೀಜಗಣಿತ ಇಲ್ಲ. 2024ರ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ 5ನೇ ತರಗತಿಯ ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ. 30.7 ಮಾತ್ರ.

ಈಗ ನಮ್ಮ ಜಿಲ್ಲೆಗೆ ಬರೋಣ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಎಲ್ಲವೂ ಮೈಸೂರಿನಿಂದ ಬಸ್ಸಲ್ಲಿ ಹೋಗಿ ಬರುವಷ್ಟು ದೂರ. ಆದರೆ ಅಲ್ಲಿನ ಹಳ್ಳಿ ಶಾಲೆಯ ಗಣಿತದ ಕಷ್ಟ ಸಿಟಿ ಶಾಲೆಯ ಕಷ್ಟದ ಹಾಗಲ್ಲ. ಎಷ್ಟೋ ಕಡೆ ಒಬ್ಬರೇ ಟೀಚರ್ ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಪಾಠ ಮಾಡಬೇಕು. ಹೊಗೆಸೊಪ್ಪಿನ ಕೆಲಸದ ದಿನಗಳಲ್ಲಿ ಮನೆಯಲ್ಲಿ ಎಲ್ಲರ ಕೈಯೂ ಬೇಕು. ಕಾಡಂಚಿನ ಹಾಡಿಗಳಿಂದ ಅಪ್ಪ ಅಮ್ಮ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದ್ರೆ ಮಕ್ಕಳೂ ಜೊತೆಗೆ ಹೋಗ್ತಾರೆ. ಜೇನುಕುರುಬರ ಮಗುವಿಗೆ ಮನೆಮಾತೇ ಬೇರೆ, ಶಾಲೆಯ ಕನ್ನಡವೇ ಬೇರೆ. ಒಂದು ತಿಂಗಳು ಬಿಟ್ಟು ಬಂದ ಮಗುವಿಗೆ ಆ ತಿಂಗಳ ಪಾಠ ಹೋದದ್ದಷ್ಟೇ ಅಲ್ಲ, ಅದರ ಮೇಲೆ ನಿಂತ ಪಾಠಗಳೆಲ್ಲ ಕೈತಪ್ಪುತ್ತವೆ.

ಈ ಸಮಸ್ಯೆಗೆ ಒಂದು ಉತ್ತರ ಹುಟ್ಟಿದ್ದು ಬೆಂಗಳೂರಿನಲ್ಲೂ ಅಲ್ಲ, ದೆಹಲಿಯಲ್ಲೂ ಅಲ್ಲ, ಎಚ್.ಡಿ.ಕೋಟೆಯಲ್ಲಿ. ಹೌದು, ನಲಿ-ಕಲಿ! 1995ರಲ್ಲಿ ಯುನಿಸೆಫ್ ನೆರವಿನಿಂದ ಇಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳ ಪದ್ಧತಿ ನೋಡಿ ಬಂದರು. ಆಮೇಲೆ ನಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಾರ್ಡು, ಹಾಡು, ಆಟಗಳನ್ನು ತಾವೇ ತಯಾರಿಸಿದರು.

ಇದು ನಡೆಯೋ ರೀತಿ ಹೀಗೆ. ಕಲಿಯಬೇಕಾದ್ದನ್ನೆಲ್ಲ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಗೋಡೆಯ ಮೇಲೆ ಒಂದು ಕಲಿಕಾ ಏಣಿ ಹಾಕ್ತಾರೆ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ, ಅದಕ್ಕೆ ಹೊಂದುವ ಒಂದು ಕಾರ್ಡು. ಮಗು ತಾನು ಎಲ್ಲಿದ್ದೇನೆ ಅಂತ ತಾನೇ ನೋಡಿಕೊಂಡು ಕಾರ್ಡು ತಗೊಂಡು ತನ್ನ ಗುಂಪಿಗೆ ಹೋಗುತ್ತೆ. ಒಂದು ಗುಂಪಿಗೆ ಟೀಚರ್ ಪೂರ್ತಿ ಕಲಿಸ್ತಾರೆ, ಇನ್ನೊಂದಕ್ಕೆ ಅರ್ಧ ನೆರವು, ಮತ್ತೊಂದರಲ್ಲಿ ಗೆಳೆಯರೇ ಕಲಿಸ್ತಾರೆ, ಕೊನೆಯದರಲ್ಲಿ ಮಗು ಒಬ್ಬನೇ ಮಾಡುತ್ತೆ. ಕಾಫಿ ತೋಟದಿಂದ ವಾಪಸ್ ಬಂದ ಮಗು ಕ್ಲಾಸು ಇರುವಲ್ಲಿಗೆ ಓಡಬೇಕಾಗಿಲ್ಲ. ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ವಯಸ್ಸು ನೋಡದೆ ಮಟ್ಟ ನೋಡಿ ಕಲಿಸಬೇಕು ಅನ್ನೋ ಈ ಯೋಚನೆಯನ್ನೇ ಪ್ರಥಮ್ ಸಂಸ್ಥೆ ಬೇರೆ ರೀತಿಯಲ್ಲಿ ಮಾಡಿ ತೋರಿಸಿತು. ಅದನ್ನು ಪರೀಕ್ಷೆಗೆ ಒಡ್ಡಿದವರಲ್ಲಿ 2019ರ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಇದ್ದಾರೆ.

ಹಾಗಾದ್ರೆ ಅಂತರ ಇನ್ನೂ ಯಾಕೆ ಇದೆ? ನಮಗೆ ಕಾಣೋದು ಎರಡು ಕಾರಣ. ಒಂದು, 2009-10ರಿಂದ ನಲಿ-ಕಲಿ ರಾಜ್ಯಕ್ಕೆಲ್ಲ ಬಂತು. ಕೋಟೆಯ ಶಿಕ್ಷಕರಿಗೆ ಅದು ತಾವೇ ಕಟ್ಟಿದ್ದು, ಉಳಿದವರಿಗೆ ಮೇಲಿನಿಂದ ಬಂದ ಪೆಟ್ಟಿಗೆ. ಕಾರ್ಡು ಯಾಕೆ ಹಾಗಿದೆ ಅಂತ ಗೊತ್ತಿಲ್ಲದಿದ್ದರೆ ಕಾರ್ಡು ಹಂಚೋದು ಮತ್ತು ರೆಕಾರ್ಡು ಬರೆಯೋದೇ ಪಾಠ ಆಗಿಬಿಡುತ್ತೆ. ಎರಡು, ಈ ಏಣಿ ಇರೋದು 3ನೇ ತರಗತಿವರೆಗೆ. ನಾಲ್ಕಕ್ಕೆ ಕಾಲಿಟ್ಟ ತಕ್ಷಣ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ಇಲ್ಲಿ ಅಕ್ಷರ ಫೌಂಡೇಶನ್ ಸರ್ಕಾರದ ಜೊತೆ ಸೇರಿ ನಡೆಸಿದ ‘ಗಣಿತ ಕಲಿಕಾ ಆಂದೋಲನ’ದ ಕಿಟ್ ನೆರವಿಗೆ ಬರುತ್ತೆ. 4 ಮತ್ತು 5ನೇ ತರಗತಿಯ ಮಕ್ಕಳು ಅದರ ಮಣಿ, ಕಡ್ಡಿ, ತುಂಡುಗಳನ್ನು ಮುಟ್ಟಿ ನೋಡಿ ಲೆಕ್ಕ ಕಲೀತಾರೆ. ಆದ್ರೆ ಕಿಟ್ ಬೀರುವಿನೊಳಗೆ ಉಳಿದರೆ ಏನೂ ಆಗಲ್ಲ.

ನಮ್ಮ ಕೈಲಿ ಏನಾಗುತ್ತೆ? ಎನ್‌ಎಸ್‌ಎಸ್ ಕ್ಯಾಂಪಿಗೆ ಹೋದಾಗ ಶಾಲೆಗೆ ಬಣ್ಣ ಬಳಿಯೋದರ ಜೊತೆಗೆ ಇದನ್ನೂ ಮಾಡಬಹುದು. ಮೊದಲು ಮಗುವಿಗೆ ಅಂಕಿ ಗುರುತಿಸೋದು, ಎರಡಂಕಿ ಓದೋದು, ಕಳೆಯೋದು, ಭಾಗಿಸೋದು ಇದರಲ್ಲಿ ಎಲ್ಲಿವರೆಗೆ ಬರುತ್ತೆ ನೋಡಿ. ತಪ್ಪು ಬಂದ್ರೆ ‘ಹೇಗೆ ಮಾಡಿದೆ ಪುಟ್ಟ?’ ಅಂತ ಕೇಳಿ, ಉತ್ತರ ಹೇಳಿಕೊಡೋಕೆ ಆತುರ ಬೇಡ. ಆಮೇಲೆ ಕಡ್ಡಿಗಳನ್ನು ಹತ್ತತ್ತರ ಕಟ್ಟು ಮಾಡಿ. ಐವತ್ತೆರಡು ಅಂದ್ರೆ ಐದು ಕಟ್ಟು, ಎರಡು ಬಿಡಿ. ನಮ್ಮ ಕನ್ನಡದ ಪದದಲ್ಲೇ ‘ಐವತ್ತು’ ಮತ್ತು ‘ಎರಡು’ ಎರಡೂ ಕೇಳಿಸುತ್ತಲ್ವಾ? ಎರಡು ಬಿಡಿಯಿಂದ ಏಳು ತೆಗೆಯೋಕಾಗಲ್ಲ, ಹಾಗಾಗಿ ಒಂದು ಕಟ್ಟು ಬಿಚ್ಚಬೇಕು. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ‘ದಶಕ ತಗೊಳ್ಳೋದು’ ಅಂದ್ರೆ ಇದೇ ಅಂತ ಮಗುವಿನ ಕೈಗೇ ಗೊತ್ತಾಗುತ್ತೆ.

ಒಂದು ವಾರದ ಕ್ಯಾಂಪಿನಿಂದ ನಾಲ್ಕು ತಾಲ್ಲೂಕಿನ ಗಣಿತ ಸರಿ ಹೋಗಲ್ಲ. ಅದು ದಿನಾ ಶಾಲೆಯಲ್ಲಿರುವ ಟೀಚರಿಂದಲೇ ಆಗಬೇಕು, ಅವರಿಗೆ ಅದಕ್ಕೆ ಬೇಕಾದ ಸಮಯ ಸಿಗಬೇಕು. ಆದ್ರೆ ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಅಂತ ಬರೆದಿಟ್ಟ ಒಂದು ಹಾಳೆಯನ್ನು ಬರುವಾಗ ಆ ಟೀಚರ್ ಕೈಗೆ ಕೊಟ್ಟು ಬರೋದಂತೂ ನಮ್ಮಿಂದ ಆಗುತ್ತೆ.