ಬೆಟ್ಟದ ಮೇಲೆ ತಲೆನೋವೇ? ಅಸಡ್ಡೆ ಬೇಡ

ಬೇಸಿಗೆ ರಜೆ ಹತ್ತಿರವಾದಂತೆ ನನ್ನ ಕ್ಲಿನಿಕ್ಕಿನಲ್ಲಿ ಒಂದು ಮಾತು ಕೇಳಿಬರುತ್ತದೆ. ‘ಡಾಕ್ಟ್ರೇ, ಹಿಮಾಲಯಕ್ಕೆ ಚಾರಣ ಹೊರಟಿದ್ದೀನಿ. ಒಂದು ಫಿಟ್‌ನೆಸ್ ಸರ್ಟಿಫಿಕೇಟ್ ಬರೆದುಕೊಡಿ. ದಿನಾ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೀನಿ, ನನಗೇನೂ ಆಗೋಲ್ಲ.’

ಕೆಲವು ವರ್ಷಗಳ ಹಿಂದೆ ಹೀಗೆಂದೇ ಹೇಳಿ ಹೋದವರು 46 ವರ್ಷದ ಒಬ್ಬ ಬ್ಯಾಂಕ್ ನೌಕರರು. ಹಿಮಾಚಲದಲ್ಲಿ 12,000 ಅಡಿ ತಲುಪಿದ ಸಂಜೆ ಅವರಿಗೆ ತಲೆನೋವು ಶುರುವಾಯಿತು. ಊಟ ಸೇರಲಿಲ್ಲ. ಹೇಳಿದರೆ ತಂಡದಿಂದ ಹಿಂದಕ್ಕೆ ಕಳಿಸಿಬಿಟ್ಟಾರೆಂದು ಸುಮ್ಮನೆ ಒಂದು ಮಾತ್ರೆ ನುಂಗಿ ಮಲಗಿದರು. ಮರುದಿನವೂ ಹತ್ತಿದರು. ಮೂರನೆಯ ಬೆಳಿಗ್ಗೆ ಷೂ ಲೇಸ್ ಕಟ್ಟಿಕೊಳ್ಳಲಾಗಲಿಲ್ಲ. ಎದ್ದು ನಿಂತರೆ ಕುಡಿದವರಂತೆ ತೂರಾಡಿದರು. ಮಾರ್ಗದರ್ಶಿ ತಡಮಾಡದೆ ಕೆಳಗಿಳಿಸಿದ್ದರಿಂದ ಜೀವ ಉಳಿಯಿತು.

ಅವರಿಗೆ ಸರ್ಟಿಫಿಕೇಟ್ ಬರೆದುಕೊಟ್ಟವನು ನಾನೇ. ಬಿ.ಪಿ., ಎದೆ, ನಾಡಿ ನೋಡಿದ್ದೆ. ಆದರೆ ಈಗ ನಿಮಗೆ ಹೇಳುತ್ತಿರುವ ಮಾತನ್ನು ಅಂದು ಅವರಿಗೆ ಹೇಳಿರಲಿಲ್ಲ.

ಏಕೆ ಹೀಗಾಗುತ್ತದೆ?

ಮೈಸೂರು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಚಾಮುಂಡಿ ಬೆಟ್ಟ ಸುಮಾರು 3,500 ಅಡಿ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೂ ಸುಮಾರು 6,300 ಅಡಿಯೇ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸುವುದು 8,000 ಅಡಿಯ ಮೇಲೆ. ಆದ್ದರಿಂದ ನಮ್ಮ ನಾಡಿನ ಯಾವ ಬೆಟ್ಟವೂ ಈ ಪರೀಕ್ಷೆಗೆ ನಮ್ಮನ್ನು ಒಡ್ಡಿರುವುದಿಲ್ಲ.

ಲೇಹ್ ಮತ್ತು ಕೇದಾರನಾಥ 11,500 ಅಡಿಗಿಂತ ಹೆಚ್ಚು ಕಡಿಮೆ ಇಲ್ಲ. ಅಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ, ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡರಷ್ಟಕ್ಕೆ ಇಳಿಯುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ದಿನಗಳು ಬೇಕು. ಗಟ್ಟಿ ಕಾಲು, ಎಳೆ ವಯಸ್ಸು ಇಲ್ಲಿ ರಕ್ಷಣೆಯಲ್ಲ. ಹುರುಪಿನಿಂದ ಬೇಗ ಹತ್ತುವವರಿಗೇ ಅಪಾಯ ಹೆಚ್ಚು.

ಗುರುತಿಸುವುದು ಹೇಗೆ?

ತಲೆನೋವಿನ ಜೊತೆಗೆ ವಾಕರಿಕೆ, ಹಸಿವಿಲ್ಲದಿರುವುದು, ಸುಸ್ತು, ತಲೆಸುತ್ತು ಇದ್ದರೆ ಎತ್ತರದ ಕಾಯಿಲೆಯೆಂದೇ ತಿಳಿಯಿರಿ. ಅಲ್ಲಿಯೇ ವಿಶ್ರಾಂತಿ ಪಡೆಯಿರಿ. ವಾಸಿಯಾಗುವವರೆಗೆ ಮೇಲೆ ಹತ್ತಬೇಡಿ.

ತೂರಾಡುವ ನಡಿಗೆ, ಗೊಂದಲದ ಮಾತು ಕಂಡರೆ ಮೆದುಳು ಊದಿಕೊಳ್ಳುತ್ತಿದೆ ಎಂದರ್ಥ. ನೆಲದ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ನಡೆಯಲು ಹೇಳಿ, ಆಗದಿದ್ದರೆ ಅಪಾಯ. ಕುಳಿತಲ್ಲೇ ಏದುಸಿರು, ಕೆಮ್ಮು, ನೊರೆ ಕಫ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಇವೆರಡಕ್ಕೂ ಮುಖ್ಯ ಚಿಕಿತ್ಸೆ ಒಂದೇ: ರಾತ್ರಿಯಾದರೂ ಸರಿ, ಜೊತೆ ಮಾಡಿ ಕೂಡಲೇ ಕೆಳಗಿಳಿಸುವುದು. ಆಮ್ಲಜನಕ ಸಿಕ್ಕರೆ ಕೊಡಿ.

ಮುನ್ನೆಚ್ಚರಿಕೆ

10,000 ಅಡಿ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 1,600 ಅಡಿಗಿಂತ ಹೆಚ್ಚು ಮೇಲೇರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಬಿಡುವು ಬೇಕು. ವಿಮಾನದಲ್ಲಿ ಲೇಹ್‌ಗೆ ಇಳಿದವರು ಮೊದಲೆರಡು ದಿನ ಎಲ್ಲಿಗೂ ಓಡಬಾರದು. ಮದ್ಯ, ನಿದ್ರೆ ಮಾತ್ರೆ ಕೂಡದು. ಅಸೆಟಝೋಲಮೈಡ್ ಮಾತ್ರೆ ಹೊಂದಿಕೊಳ್ಳಲು ನೆರವಾಗುತ್ತದೆ. ಆದರೆ ಎಲ್ಲರಿಗೂ ಅದು ಒಗ್ಗದು. ಸಲ್ಫಾ ಅಲರ್ಜಿ ಇದ್ದವರು ಮುಖ್ಯವಾಗಿ ವೈದ್ಯರನ್ನು ಕೇಳದೆ ಸೇವಿಸಬಾರದು. ಹೃದ್ರೋಗ, ಆಸ್ತಮಾ, ರಕ್ತಹೀನತೆ ಇರುವವರು ಮತ್ತು ಗರ್ಭಿಣಿಯರು ಟಿಕೆಟ್ ಕಾಯ್ದಿರಿಸುವ ಮೊದಲೇ ವೈದ್ಯರನ್ನು ಕಾಣಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಅದನ್ನು ಅಂಗಿಯ ಒಳಗೆ ಮೈಗೆ ತಾಗುವಂತೆ ಇಟ್ಟುಕೊಳ್ಳಿ.

ಚಳಿಯನ್ನೂ ಮರೆಯಬೇಡಿ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ಕರ್ನಾಟಕದ ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಅನುಭವಿಗಳೂ ಇದ್ದರು. ನಡುಕ, ತೊದಲು, ಎಡವುವುದು ಮೈಶಾಖ ಇಳಿಯುವ ಸೂಚನೆ. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ, ಕಂಬಳಿ ಹೊದಿಸಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಿ. ಬ್ರಾಂದಿ ಕೊಟ್ಟರೆ ಮೈ ಇನ್ನಷ್ಟು ತಣ್ಣಗಾಗುತ್ತದೆ.

ಆ ಬ್ಯಾಂಕ್ ನೌಕರರು ಮರುವರ್ಷ ಹೆಂಡತಿಯೊಡನೆ ಮತ್ತೆ ಹೋದರು. ಆಕೆ ಪ್ರತಿ ಸಂಜೆ ತಪ್ಪದೆ ‘ತಲೆ ನೋಯ್ತಿದೆಯೇನ್ರೀ?’ ಎಂದು ಕೇಳುತ್ತಿದ್ದರಂತೆ. ಒಂದು ಸಂಜೆ ಅವರು ‘ಹೌದು’ ಎಂದರು. ಒಂದು ದಿನ ತಡೆದು ಹೊರಟರು, ಕಣಿವೆ ದಾಟಿ ಕ್ಷೇಮವಾಗಿ ಬಂದರು. ನೀವೂ ಸಂಕೋಚ ಬಿಟ್ಟು ಕೇಳಿ. ಕೇಳಿದಾಗ ನಿಜ ಹೇಳಿ.