ಹಾಡುಗಳ ನಡುವಿನ ಮಾತು

ಹೊಸನಗರ ತಾಲ್ಲೂಕಿನಲ್ಲಿ ನಗರ ಎಂಬ ಹಳ್ಳಿಯೊಂದಿದೆ. ಹೆಸರಿಗೆ ನಗರ, ನೋಡಲು ಪುಟ್ಟ ಊರು. ಕೆಳದಿ ಅರಸರ ಕಾಲದಲ್ಲಿ ಬಿದನೂರು ಎಂಬ ಹೆಸರಿನ ರಾಜಧಾನಿಯಾಗಿ ಮೆರೆದಿದ್ದ ಈ ಊರನ್ನು 1763ರಲ್ಲಿ ಗೆದ್ದ ಹೈದರಾಲಿ ಅದಕ್ಕೆ ಹೈದರ್‌ನಗರ ಎಂದು ತನ್ನ ಹೆಸರನ್ನೇ ಇಟ್ಟ. ಕಾಲಕ್ರಮದಲ್ಲಿ ಹೈದರನ ಹೆಸರು ಕಳಚಿಕೊಂಡು ನಗರ ಮಾತ್ರ ಉಳಿಯಿತು. ಕೋಟೆಯನ್ನೂ ದೇವಗಂಗೆಯ ಕೊಳಗಳನ್ನೂ ನೋಡಲು ಬರುವ ಪ್ರವಾಸಿಗರಿಗೆ ಈ ಇತಿಹಾಸವನ್ನು ಹೇಳುವವರು ಸಿಗುತ್ತಾರೆ. ಆದರೆ 1938ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಜಿ. ಸುಬ್ರಹ್ಮಣ್ಯ ಎಂಬ ಹುಡುಗ ಮುಂದೆ ಶಿವಮೊಗ್ಗ ಸುಬ್ಬಣ್ಣ ಎಂದು ಹೆಸರಾಗಿ, ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗನಾದದ್ದನ್ನು ನೆನೆಯುವವರು ಎಷ್ಟು ಮಂದಿ?

ಚಂದ್ರಶೇಖರ ಕಂಬಾರರು ಬರೆದು, ಸಂಗೀತ ನೀಡಿ, ನಿರ್ದೇಶಿಸಿದ ‘ಕಾಡು ಕುದುರೆ’ ಚಿತ್ರದ ಹಾಡಿಗೆ ಆ ಪ್ರಶಸ್ತಿ ಬಂತು. ಸುಬ್ಬಣ್ಣ ವೃತ್ತಿಯಿಂದ ವಕೀಲರು. ಕೋರ್ಟಿನ ಕರಿಕೋಟು ಕಳಚಿ ಸಂಜೆ ಹಾರ್ಮೋನಿಯಂ ಮುಂದೆ ಕೂರುವ ಬದುಕು ಅವರದು. ಅವರನ್ನು ವೇದಿಕೆಯ ಮೇಲೆ ಕಂಡವರು ಮೊದಲು ನೆನೆಯುವುದು ತಾರಸ್ಥಾಯಿಗೆ ಅನಾಯಾಸವಾಗಿ ಏರುತ್ತಿದ್ದ ಆ ಕಂಚಿನ ಕಂಠವನ್ನು. ಕುವೆಂಪು ಅವರ ಡಿಂಡಿಮದ ಗೀತೆಯನ್ನು ಆ ಕಂಠದಲ್ಲಿ ಕೇಳಿದವರಿಗೆ ಬೇರೆ ದನಿಯಲ್ಲಿ ಅದನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. 2022ರ ಆಗಸ್ಟ್ 11ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಬರೆದದ್ದೂ ಮುಖ್ಯವಾಗಿ ಈ ಕಂಠದ ಬಗ್ಗೆಯೇ.

ಕಂಠದ ವಿಷಯದಲ್ಲಿ ನಾವು ಚಿಂತಿಸಬೇಕಾದದ್ದು ಹೆಚ್ಚಿಲ್ಲ. ಅದು ಕ್ಯಾಸೆಟ್ಟುಗಳಲ್ಲಿ, ಸಿ.ಡಿ.ಗಳಲ್ಲಿ, ಆಕಾಶವಾಣಿಯ ಧ್ವನಿಮುದ್ರಿಕೆಗಳಲ್ಲಿ ಉಳಿದಿದೆ. ಉಳಿಯುವ ಭರವಸೆಯಿಲ್ಲದ್ದು ಇನ್ನೊಂದಿದೆ. ಅದು ಸುಗಮ ಸಂಗೀತದ ಹಿರಿಯರು ಒಂದು ಹಾಡು ಮುಗಿಸಿ ಇನ್ನೊಂದು ಹಾಡು ಎತ್ತಿಕೊಳ್ಳುವ ಮುನ್ನ ಆಡುವ ಮಾತು.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಇಂಥ ಸಂಜೆಗಳನ್ನು ಕಂಡವರಿಗೆ ಅವುಗಳ ಕ್ರಮ ಚೆನ್ನಾಗಿ ಗೊತ್ತು. ಶಾಲೆಯ ಸಭಾಂಗಣವೋ ದೇವಸ್ಥಾನದ ಪ್ರಾಂಗಣವೋ ಆದೀತು. ಮುಂದಿನ ಸಾಲಿನಲ್ಲಿ ನಿವೃತ್ತ ಮೇಷ್ಟ್ರುಗಳು, ಅವರ ಹಿಂದೆ ಅಡಿಕೆ ಬೆಳೆಗಾರರು, ಬ್ಯಾಂಕು ನೌಕರರು, ಬಾಗಿಲ ಬಳಿ ಹೋಗಲೋ ಇರಲೋ ಎಂದು ನಿಂತಿರುವ ಕಾಲೇಜು ಹುಡುಗರು. ವೇದಿಕೆಯ ಮೇಲೆ ಒಂದು ಹಾರ್ಮೋನಿಯಂ, ಪಕ್ಕದಲ್ಲಿ ತಬಲಾ. ಎಪ್ಪತ್ತು ದಾಟಿದ ಗಾಯಕ ಮೂರು ಹಾಡುಗಳನ್ನು ಬಿಡುವಿಲ್ಲದೆ ಹಾಡುತ್ತಾರೆ. ನಾಲ್ಕನೆಯದಕ್ಕೆ ಮುನ್ನ ಒಂದು ಗುಟುಕು ಬಿಸಿನೀರು ಕುಡಿದು, ಈ ಪದ್ಯ ತಮ್ಮ ಕೈಗೆ ಹೇಗೆ ಬಂತೆಂಬುದನ್ನು ಹೇಳತೊಡಗುತ್ತಾರೆ. ಯಾವ ಊರಿನಲ್ಲಿ ಕವಿ ಅದನ್ನು ಓದಿದರು, ಯಾವ ರಾಗ ಮೊದಲು ಹೊಳೆಯಿತು, ಅದು ಯಾಕೆ ಹೊಂದಲಿಲ್ಲ, ಯಾವ ಶಬ್ದದ ಮೇಲೆ ನಿಲ್ಲಬೇಕೆಂದು ಯಾರು ತಿದ್ದಿದರು ಎಂಬುದೆಲ್ಲ ಆ ಮಾತಿನಲ್ಲಿ ಬರುತ್ತದೆ. ಆಮೇಲೆ ಹಾಡು. ನೂರು ಸಲ ಕೇಳಿದ ಹಾಡೇ ಅದು. ಆದರೂ ಆ ಒಂದು ಶಬ್ದ ಬಂದಾಗ ಸಭೆಯೆಲ್ಲ ಕಿವಿಯಾಗುತ್ತದೆ.

ವಯಸ್ಸಾದ ಗಾಯಕನಿಗೆ ಈ ಮಾತು ವಿಶ್ರಾಂತಿಯೂ ಹೌದು. ಉಸಿರು ಮೊದಲಿನಂತೆ ನಿಲ್ಲುವುದಿಲ್ಲ, ಮೇಲಿನ ಷಡ್ಜ ಕೈಕೊಡುತ್ತದೆ. ಮಲೆನಾಡಿನ ಸಭೆ ಇದನ್ನು ಬಲ್ಲದು, ಅದಕ್ಕಾಗಿ ಮುಖ ಸಿಂಡರಿಸುವುದಿಲ್ಲ. ದನಿ ತಲುಪಲಾಗದ ಜಾಗವನ್ನು ನೆನಪು ತುಂಬಿಕೊಡುತ್ತದೆ. ತರುಣ ಗಾಯಕ ಅದೇ ಹಾಡನ್ನು ಶ್ರುತಿ ಕದಲದಂತೆ ಹಾಡಬಲ್ಲ. ಆದರೆ ಆ ಹಾಡು ಹುಟ್ಟಿದ ದಿನ ಅಲ್ಲಿದ್ದವನೆಂಬ ಅಧಿಕಾರ ಅವನಿಗಿಲ್ಲ.

ಈ ಬಗೆಯ ಸಂಜೆ ಪಶ್ಚಿಮಕ್ಕೂ ಹೊಸದಲ್ಲ. ಇಂಗ್ಲೆಂಡಿನ ‘ದಿ ಕಿಂಕ್ಸ್’ ರಾಕ್ ತಂಡದ ರೇ ಡೇವಿಸ್ ತಮ್ಮ ಆತ್ಮಕಥೆ ಬರೆದ ಮೇಲೆ, 1990ರ ದಶಕದ ನಡುವೆ, ಒಬ್ಬ ಗಿಟಾರ್ ವಾದಕನನ್ನು ಮಾತ್ರ ಜತೆಗಿಟ್ಟುಕೊಂಡು ಹಾಡು ಮತ್ತು ಕಥೆಗಳ ಸಂಜೆಗಳನ್ನು ನಡೆಸಿದರು. ಅದರಿಂದ ಪ್ರೇರಣೆ ಪಡೆದು ಅಮೆರಿಕದ ಸಂಗೀತ ವಾಹಿನಿಯೊಂದು ಸರಣಿಯನ್ನೇ ಆರಂಭಿಸಿತು. ಕ್ರೀಡಾಂಗಣಗಳನ್ನು ತುಂಬಿಸುತ್ತಿದ್ದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 2017ರ ಅಕ್ಟೋಬರ್‌ನಿಂದ 2018ರ ಡಿಸೆಂಬರ್‌ವರೆಗೆ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ, ಸಾವಿರ ಆಸನವೂ ಇಲ್ಲದ ರಂಗಮಂದಿರದಲ್ಲಿ, 236 ಪ್ರದರ್ಶನಗಳನ್ನು ನೀಡಿದರು. ಹೆಚ್ಚಿನ ಹೊತ್ತು ವೇದಿಕೆಯ ಮೇಲೆ ಅವರೊಬ್ಬರೇ, ಒಂದು ಗಿಟಾರು, ಒಂದು ಪಿಯಾನೊ, ಮತ್ತು ಅಪ್ಪ, ಅಮ್ಮ, ಹುಟ್ಟೂರಿನ ಕಥೆಗಳು. ಪಶ್ಚಿಮದ ವಿಮರ್ಶಕರು ಇದನ್ನು ಅಪರೂಪದ ಪ್ರಯೋಗವೆಂದು ಕೊಂಡಾಡಿದರು.

ನಮ್ಮ ಕಡೆಯವರಿಗೆ ಇದು ಅಷ್ಟೇನೂ ಅಚ್ಚರಿ ಹುಟ್ಟಿಸದು. ಗಮಕವನ್ನೇ ನೋಡಿ. ಒಬ್ಬರು ಕುಮಾರವ್ಯಾಸನ ಷಟ್ಪದಿಯನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ನಿಲ್ಲಿಸಿ ವ್ಯಾಖ್ಯಾನ ಹೇಳುತ್ತಾರೆ. ಹಾಡಿಗೂ ಮಾತಿಗೂ ಸಮಪಾಲು. ಶಿವಮೊಗ್ಗದ ಬಳಿ ತುಂಗೆಯ ದಡದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರು ಇಂಥ ಗಮಕ ಕಲೆಗಾಗಿಯೇ 2022ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಹರಿಕಥೆಯ ದಾಸರು ಹಾಡು, ಕಥೆ ಎರಡನ್ನೂ ಒಬ್ಬರೇ ಹೊತ್ತವರು. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟಿಡುವಾಗ ಶುರುವಾಗುವ ತಾಳಮದ್ದಲೆಯಲ್ಲಿ ಭಾಗವತರ ಪದ ಮುಗಿದದ್ದೇ ಅರ್ಥಧಾರಿಯ ಮಾತು ಹೊರಡುತ್ತದೆ. ಪದ್ಯವೊಂದೇ ಸಾಲದು, ಅದರ ಅರ್ಥ ಸಭೆಯ ಎದುರಿನಲ್ಲಿ ಬಿಚ್ಚಿಕೊಳ್ಳಬೇಕು ಎಂಬುದು ಈ ಸೀಮೆಯ ಕೇಳುಗನಿಗೆ ರಕ್ತದಲ್ಲೇ ಬಂದ ನಿರೀಕ್ಷೆ. ಮೈಕು, ತಬಲಾ, ಭಾವಗೀತೆಗಳೊಂದಿಗೆ ಬಂದ ಸುಗಮ ಸಂಗೀತ ಇಲ್ಲಿ ಬೇರೂರಲು ತಡವಾಗದಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು.

ಇನ್ನೊಂದು ಕಾರಣ ಕವಿತೆಗಳೇ. ಕುವೆಂಪು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯವರು; ಅವರು ಬರೆದ ಕಾಡು, ಗುಡ್ಡ, ಮಳೆ ಈ ಕೇಳುಗರ ಹಿತ್ತಿಲಿನವೇ. ಶಿವಮೊಗ್ಗದಲ್ಲಿ ಅಧ್ಯಾಪಕರಾಗಿದ್ದ ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಸಾಗರ ತಾಲ್ಲೂಕಿನ ಜೋಗವನ್ನೂ ತುಂಗೆಯನ್ನೂ ನೆನೆಯುವ ಕವಿತೆ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂದ ಅದೇ ಹೆಸರಿನ ಕ್ಯಾಸೆಟ್ಟು ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ಟೆಂದು ಹೆಸರಾಯಿತು. ಶಿವಮೊಗ್ಗದವರೇ ಆದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶಿಶುನಾಳ ಷರೀಫರ ಹಾಡುಗಳನ್ನು ಸಂಗ್ರಹಿಸಿ, ಸಿ. ಅಶ್ವತ್ಥ್ ಅವರ ದನಿಯ ಮೂಲಕ ಅವು ಮನೆಮನೆ ತಲುಪಲು ಕಾರಣರಾದರು. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ, ನಾಟಕ, ಸಿನಿಮಾ, ಕವಿತೆಗಳನ್ನು ನೋಡಿ ಸುಮ್ಮನೆ ಎದ್ದುಹೋಗದೆ ಕುಳಿತು ಚರ್ಚಿಸುವ ಅಭ್ಯಾಸವನ್ನು ಹಳ್ಳಿಯ ಪ್ರೇಕ್ಷಕರಲ್ಲಿ ಬೆಳೆಸಿತು. 1965ರಲ್ಲಿ ಭದ್ರಾವತಿಗೆ ಬಂದ ಆಕಾಶವಾಣಿ ಕೇಂದ್ರ ಇವೆಲ್ಲವನ್ನೂ ಅಡುಗೆಮನೆಯ ತನಕ ಒಯ್ದಿತು.

ಪಿ. ಕಾಳಿಂಗರಾಯರು ತೆರೆದ ದಾರಿಯಲ್ಲಿ ನಡೆದ ಮುಂದಿನ ಪೀಳಿಗೆಯ ಮೂವರು ದೊಡ್ಡ ಗಾಯಕರ ವಯಸ್ಸಿನಲ್ಲಿ ಅಂತರ ಹೆಚ್ಚಿಲ್ಲ. ಮೈಸೂರು ಅನಂತಸ್ವಾಮಿ 1936ರಲ್ಲಿ, ಸುಬ್ಬಣ್ಣ 1938ರಲ್ಲಿ, ಅಶ್ವತ್ಥ್ 1939ರಲ್ಲಿ ಹುಟ್ಟಿದವರು. ಅನಂತಸ್ವಾಮಿ 1995ರಲ್ಲೇ ಹೋದರು. ಅಶ್ವತ್ಥ್ 2009ರಲ್ಲಿ, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ಹೋದರು. 2020ರಲ್ಲಿ ನಿಸಾರ್, 2021ರಲ್ಲಿ ಭಟ್ಟರು, 2022ರಲ್ಲಿ ಸುಬ್ಬಣ್ಣ. ಹಾಡಿದವರೂ ಹಾಡಿಗೆ ಪದ ಕೊಟ್ಟವರೂ ಹೀಗೆ ಒಬ್ಬರ ಹಿಂದೊಬ್ಬರು ಎದ್ದುಹೋದಂತೆ ಅವರ ನಡುವೆ ನಡೆದ ಮಾತುಕತೆಗೆ ಸಾಕ್ಷಿಗಳೂ ಇಲ್ಲವಾಗುತ್ತಿದ್ದಾರೆ.

ಇದರಿಂದ ಆಗುವ ನಷ್ಟವೇನು ಎಂದು ಕೇಳಬಹುದು. ನಾಡಗೀತೆಯ ಪ್ರಸಂಗ ಒಂದು ಉತ್ತರ. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಅದನ್ನು ಯಾರ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ವಾದ ಮಾತ್ರ ವರ್ಷಗಟ್ಟಲೆ ನಡೆಯಿತು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಮಾಡಿ, ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕೆಂದು ಆದೇಶಿಸಿತು. ಅಶ್ವತ್ಥ್ ಅವರ ಧಾಟಿಯ ಪರವಾಗಿ ನಿಂತವರು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಯಾರ ಪಕ್ಷ ಸರಿ ಎಂಬುದು ಇಲ್ಲಿ ಮುಖ್ಯವಲ್ಲ. ಒಂದು ಧಾಟಿ ಹೀಗೇಕೆ ಹುಟ್ಟಿತು, ಯಾವ ಸಾಲನ್ನು ಏಕೆ ಪುನರಾವರ್ತಿಸಬೇಕು ಎಂಬುದನ್ನು ಸಂಯೋಜಕರ ಬಾಯಿಂದಲೇ ಸಾವಧಾನವಾಗಿ ಹೇಳಿಸಿ ಮುದ್ರಿಸಿಟ್ಟುಕೊಳ್ಳುವ ವ್ಯವಧಾನ ನಮಗಿದ್ದಿದ್ದರೆ, ಆ ಚರ್ಚೆಗೆ ಗಡಿಯಾರಕ್ಕಿಂತ ಗಟ್ಟಿಯಾದ ಆಧಾರ ಸಿಗುತ್ತಿತ್ತಲ್ಲವೇ?

ಸುಗಮ ಸಂಗೀತದ ಮೇಲೆ ಸಾಹಿತ್ಯವಲಯದ ಹಳೆಯ ಆಕ್ಷೇಪವೊಂದಿದೆ. ಕವಿತೆಯನ್ನು ಹಾಡಾಗಿಸಿದರೆ ರಾಗ ಮುಂದಾಗಿ ಅರ್ಥ ಹಿಂದಾಗುತ್ತದೆ, ಕೇಳುಗ ತಲೆದೂಗುತ್ತಾನೆಯೇ ಹೊರತು ಓದುವುದಿಲ್ಲ ಎಂಬುದು ಅದರ ಸಾರ. ಈ ಆಕ್ಷೇಪದಲ್ಲಿ ಹುರುಳಿದೆ. ಹಾಡುಗಳ ನಡುವಿನ ಮಾತೇ ಅದಕ್ಕೆ ಸಲ್ಲುವ ಸರಿಯಾದ ಸಮಾಧಾನ. ಆ ಮಾತು ಕೇಳುಗನನ್ನು ಮತ್ತೆ ಪದ್ಯದ ಕಡೆಗೆ ತಿರುಗಿಸುತ್ತದೆ. ಕವಿಯ ಹೆಸರನ್ನು ಗಾಯಕನ ಹೆಸರಿಗಿಂತ ಮುಂದಿಡುತ್ತದೆ. ಮಾತನ್ನು ಕತ್ತರಿಸಿದ ಮೇಲೆ ಉಳಿಯುವುದು ಇಂಪು ಮಾತ್ರ.

ಈಗ ನಡೆಯುತ್ತಿರುವುದು ಆ ಕತ್ತರಿಸುವ ಕೆಲಸವೇ. ಸಭೆಯಲ್ಲಿ ಹತ್ತು ಮೊಬೈಲುಗಳು ಮೇಲೇಳುವುದು ಹಾಡು ಶುರುವಾದಾಗ. ಹಾಡು ಮುಗಿದು ಗಾಯಕ ಮಾತಿಗೆ ತೊಡಗಿದೊಡನೆ ಕೈಗಳು ಕೆಳಗಿಳಿಯುತ್ತವೆ. ಸಂಘಟಕರ ಅವಸರವೂ ಇದಕ್ಕೆ ಕೂಡಿಕೊಳ್ಳುತ್ತದೆ. ಸ್ವಾಗತ, ಪ್ರಾಸ್ತಾವಿಕ, ದೀಪ, ಶಾಲು, ಪೇಟ, ಹಣ್ಣಿನ ಬುಟ್ಟಿ, ಮುಖ್ಯ ಅತಿಥಿಗಳ ಭಾಷಣ ಇಷ್ಟೂ ಮುಗಿಯುವಾಗ ರಾತ್ರಿ ಎಂಟೂವರೆ. ಕೊನೆಯ ಬಸ್ಸಿನ ಚಿಂತೆಯಲ್ಲಿರುವ ಸಭೆಯ ಮುಂದೆ, ಮಾತು ಬೇಡ ಹಾಡು ಹೇಳಿ ಎಂದು ಹಿರಿಯ ಗಾಯಕನ ಕೈಗೆ ಚೀಟಿ ಹೋಗುತ್ತದೆ. ಮಾತನಾಡಬೇಕಾದವನಿಗೆ ಹೊತ್ತಿಲ್ಲ, ಮಾತನಾಡಬೇಕಿಲ್ಲದವರಿಗೆ ಹೊತ್ತಿನ ಪರಿವೆಯಿಲ್ಲ!

ಹಾಗೆಂದು ಎಲ್ಲ ಗಾಯಕರ ಎಲ್ಲ ಮಾತೂ ಅಮೂಲ್ಯವೆಂದಲ್ಲ. ಸ್ವಪ್ರಶಂಸೆಗೆ ಜಾರುವವರಿದ್ದಾರೆ. ಒಂದೇ ಕಥೆಯನ್ನು ಊರೂರಿಗೆ ಬಣ್ಣ ಬದಲಿಸಿ ಹೇಳುವವರೂ ಇದ್ದಾರೆ. ನೆನಪು ಎಂಬುದು ಸಾಕ್ಷ್ಯವಲ್ಲ ಎಂಬುದನ್ನು ಸುಬ್ಬಣ್ಣನವರಂಥ ವಕೀಲರಿಗಿಂತ ಚೆನ್ನಾಗಿ ಬಲ್ಲವರಾರು? ಆದರೆ ಸಾಕ್ಷ್ಯವನ್ನು ತೂಗಿನೋಡುವುದು ಅದನ್ನು ದಾಖಲಿಸಿಕೊಂಡ ನಂತರದ ಕೆಲಸ. ಒಂದೇ ಕಥೆಯ ಮೂರು ರೂಪಗಳು ಸಿಕ್ಕರೆ ಮುಂದಿನ ಸಂಶೋಧಕ ಅವುಗಳನ್ನು ಹೋಲಿಸಿ ನೋಡಬಲ್ಲ. ಒಂದೂ ಸಿಗದಿದ್ದರೆ ಅವನು ಊಹಿಸಬೇಕಾಗುತ್ತದೆ.

ಆಗಬೇಕಾದ ಕೆಲಸ ದೊಡ್ಡದಲ್ಲ, ದುಬಾರಿಯದೂ ಅಲ್ಲ. ಮೂರೂ ತಾಲ್ಲೂಕುಗಳಲ್ಲಿ ಪದವಿ ಕಾಲೇಜುಗಳಿವೆ, ಅವುಗಳಲ್ಲಿ ಕನ್ನಡ ವಿಭಾಗಗಳಿವೆ. ಸಾಹಿತ್ಯ ಪರಿಷತ್ತಿನ ಘಟಕಗಳಿವೆ. ಪ್ರತಿ ತಾಲ್ಲೂಕಿನಲ್ಲೂ ನಾಲ್ಕಾರು ದಶಕ ಹಾಡಿದ, ಹಾಡಿಸಿದ, ಹಾರ್ಮೋನಿಯಂ ನುಡಿಸಿದ ಹಿರಿಯರಿದ್ದಾರೆ. ಅವರಲ್ಲಿ ಹಲವರ ಹೆಸರು ಯಾವ ಕ್ಯಾಸೆಟ್ಟಿನ ಮೇಲೂ ಅಚ್ಚಾಗಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಸಂಜೆ ಕೊಟ್ಟು, ಭಾಷಣಗಳಿಲ್ಲದೆ, ಚೀಟಿ ಕಳಿಸದೆ ಹಾಡಲು ಮತ್ತು ಹೇಳಲು ಬಿಡಬೇಕು. ಆರಂಭದಿಂದ ಕೊನೆಯವರೆಗೆ ಕತ್ತರಿಸದೆ ಮುದ್ರಿಸಿಕೊಂಡು, ದಿನಾಂಕ, ಊರು, ಕವಿ, ರಾಗಗಳನ್ನು ಬರೆದಿಟ್ಟು, ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯದಲ್ಲಿ, ಇನ್ನೊಂದನ್ನು ವಿಶ್ವವಿದ್ಯಾಲಯದಲ್ಲಿ ಇಡಬೇಕು. ಸ್ಪ್ರಿಂಗ್‌ಸ್ಟೀನರ ಸಂಜೆ ಮಾತುಸಹಿತ ಚಿತ್ರೀಕರಣಗೊಂಡು ಇಂದು ಸಾಗರದ ಹುಡುಗನಿಗೂ ಮೊಬೈಲಿನಲ್ಲಿ ಸಿಗುತ್ತದೆ. ಅವನ ಪಕ್ಕದ ತಾಲ್ಲೂಕಿನಲ್ಲಿ ಹುಟ್ಟಿದ ಗಾಯಕ ಎರಡು ಹಾಡುಗಳ ನಡುವೆ ಏನು ಹೇಳುತ್ತಿದ್ದರೆಂಬುದು ಅವನಿಗೆ ಅಷ್ಟೇ ಸುಲಭವಾಗಿ ಸಿಗುವುದು ಯಾವಾಗ?

ಸುಬ್ಬಣ್ಣನವರ ವಿಷಯದಲ್ಲಿ ಉಳಿದಿರುವುದು ಅವರ ಒಡನಾಡಿಗಳ, ಪಕ್ಕವಾದ್ಯದವರ, ಶಿಷ್ಯರ ನೆನಪು. ಅವರೂ ಪ್ರಾಯದವರೇನಲ್ಲ. ಈ ಮಳೆಗಾಲ ಮುಗಿದು ಅಡಿಕೆ ಕೊಯ್ಲು ಶುರುವಾಗುವ ಮುನ್ನ ಮಲೆನಾಡಿಗೆ ಸ್ವಲ್ಪ ಬಿಡುವಿರುತ್ತದೆ. ಕೆಲಸ ಆರಂಭಿಸಲು ಅಷ್ಟು ಬಿಡುವು ಸಾಕು.