ಮಕ್ಕಳಲ್ಲಿ ಎಚ್‌ಪಿವಿ ಸೋಂಕು

ಹ್ಯೂಮನ್ ಪ್ಯಾಪಿಲೋಮಾ ವೈರಸ್ ಅಥವಾ ಎಚ್‌ಪಿವಿ ಎಂಬ ಒಂದೇ ಹೆಸರಿನಡಿ 200ಕ್ಕೂ ಹೆಚ್ಚು ಬಗೆಗಳಿವೆ. ಕೆಲವು ಚರ್ಮಕ್ಕೆ ಅಂಟುತ್ತವೆ. ಕೆಲವು ಬಾಯಿ, ಗಂಟಲು, ಜನನಾಂಗಗಳ ಒಳಪೊರೆಯಲ್ಲಿ ನೆಲೆಸುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಗೀರಿನ ಮೂಲಕ ವೈರಸ್ ಪೊರೆಯ ತಳದ ಕೋಶಗಳನ್ನು ತಲುಪುತ್ತದೆ. ಯಾವ ಬಗೆ, ಯಾವ ದಾರಿಯಲ್ಲಿ ಬಂತು ಎಂಬುದರ ಮೇಲೆ ಕಾಯಿಲೆ ನಿರ್ಧಾರವಾಗುತ್ತದೆ.

ಮೊದಲ ದಾರಿ ಚರ್ಮದ ಸ್ಪರ್ಶ. ಹೀಗೆ ಬರುವ ಕೈಕಾಲುಗಳ ನರಹುಲಿಯೇ ಮಕ್ಕಳಲ್ಲಿ ಅತಿ ಸಾಮಾನ್ಯ. 1, 2, 4, 27 ಮತ್ತು 57ನೇ ಬಗೆಗಳು ಇದಕ್ಕೆ ಮುಖ್ಯ ಕಾರಣ. ಎಳೆಯ ಮಕ್ಕಳಲ್ಲಿ ಅಪರೂಪವಾದ ನರಹುಲಿ ಶಾಲೆಯ ವಯಸ್ಸಿನಲ್ಲಿ ಹೆಚ್ಚುತ್ತದೆ. ನೆದರ್‌ಲ್ಯಾಂಡ್ಸ್‌ನ ಪ್ರಾಥಮಿಕ ಶಾಲೆಗಳಲ್ಲಿ ನಡೆದ ತಪಾಸಣೆಯಲ್ಲಿ ಸುಮಾರು ಮೂರನೇ ಒಂದರಷ್ಟು ಮಕ್ಕಳಲ್ಲಿ ಅದು ಕಂಡುಬಂದಿತ್ತು. ಈಜುಕೊಳಕ್ಕಿಂತ ಮನೆಯವರು ಮತ್ತು ಸಹಪಾಠಿಗಳೇ ಸೋಂಕಿನ ಮುಖ್ಯ ಮೂಲವೆಂದು ಅಲ್ಲಿನ ಅಧ್ಯಯನಗಳು ಸೂಚಿಸಿವೆ. ಕೊಬ್ಬಿನ ಹೊರಕವಚವಿಲ್ಲದ ಈ ವೈರಸ್ ಒಣ ಮೇಲ್ಮೈಗಳ ಮೇಲೂ ಕೆಲಕಾಲ ಉಳಿಯಬಲ್ಲದು. ರೋಗನಿರೋಧಕ ಶಕ್ತಿ ಅದನ್ನು ಗುರುತಿಸಿದ ಬಳಿಕ ಹೆಚ್ಚಿನ ನರಹುಲಿಗಳು ಒಂದೆರಡು ವರ್ಷಗಳಲ್ಲಿ ತಾವಾಗಿ ಉದುರುತ್ತವೆ.

ಎರಡನೆಯ ದಾರಿ ಹೆರಿಗೆ. ತಾಯಿಯ ಜನನಮಾರ್ಗದಲ್ಲಿರುವ ವೈರಸ್ ಮಗುವಿಗೆ ತಗುಲಬಹುದಾದರೂ ಬಹುಪಾಲು ಮಕ್ಕಳಲ್ಲಿ ಅದು ಉಳಿಯುವುದಿಲ್ಲ. ಅಪರೂಪಕ್ಕೆ 6 ಮತ್ತು 11ನೇ ಬಗೆಗಳು ಧ್ವನಿಪೆಟ್ಟಿಗೆಯಲ್ಲಿ ಗಂಟುಗಳನ್ನು ಬೆಳೆಸುತ್ತವೆ. ದನಿ ಒಡೆಯುವುದು ಮೊದಲ ಲಕ್ಷಣ. ಉಸಿರುದಾರಿ ಕಟ್ಟುವುದೂ ಉಂಟು. ತೆಗೆದರೂ ಮತ್ತೆ ಬೆಳೆಯುವುದರಿಂದ ಹಲವು ಬಾರಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಚಿಕ್ಕ ಮಕ್ಕಳ ಜನನಾಂಗದ ನರಹುಲಿಯೂ ಹೆರಿಗೆಯಲ್ಲಿ ಅಥವಾ ಕೈಯ ಸ್ಪರ್ಶದಿಂದ ಬಂದಿರಬಹುದು. ಆದರೆ ಲೈಂಗಿಕ ದೌರ್ಜನ್ಯದ ಸಾಧ್ಯತೆಯನ್ನೂ ವೈದ್ಯರು ಪರಿಶೀಲಿಸಬೇಕಾಗುತ್ತದೆ.

ಮೂರನೆಯ ದಾರಿ, ಲೈಂಗಿಕ ಸಂಪರ್ಕ, ಸಾಮಾನ್ಯವಾಗಿ ಹದಿಹರೆಯದ ನಂತರ ತೆರೆದುಕೊಳ್ಳುತ್ತದೆ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 70ರಷ್ಟಕ್ಕೆ 16 ಮತ್ತು 18ನೇ ಬಗೆಗಳು ಕಾರಣ. ಸೋಂಕು ಉಳಿದುಕೊಂಡರೆ ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ ಹತ್ತಾರು ವರ್ಷ ಹಿಡಿಯುತ್ತದೆ. ಲಸಿಕೆ ಹೊಸ ಸೋಂಕನ್ನು ತಡೆಯುತ್ತದೆ, ಇರುವುದನ್ನು ಗುಣಪಡಿಸುವುದಿಲ್ಲ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 14 ವರ್ಷದ ಹುಡುಗಿಯರಿಗೆ ಆದ್ಯತೆ ನೀಡಿದೆ. ಈ ವಯಸ್ಸಿನವರಿಗೆ ಒಂದು ಡೋಸ್ ಕೂಡ ಸಾಕಾಗಬಹುದೆಂದು 2022ರಲ್ಲಿ ಹೇಳಿದೆ. ಭಾರತದಲ್ಲಿ ಸಿಕ್ಕಿಂ 2018ರಲ್ಲಿ ರಾಜ್ಯದಾದ್ಯಂತ ಹುಡುಗಿಯರಿಗೆ ಲಸಿಕೆ ಹಾಕಿಸಿತು.

ಲಸಿಕೆಯ ಫಲ ಮುಂದಿನ ಪೀಳಿಗೆಗೂ ತಲುಪುತ್ತದೆ. 2007ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದ ಆಸ್ಟ್ರೇಲಿಯಾ 6 ಮತ್ತು 11ನೇ ಬಗೆಗಳನ್ನೂ ತಡೆಯುವ ಲಸಿಕೆ ಬಳಸಿತು. ನಂತರದ ವರ್ಷಗಳಲ್ಲಿ ಅಲ್ಲಿನ ಮಕ್ಕಳಲ್ಲಿ ಧ್ವನಿಪೆಟ್ಟಿಗೆಯ ಗಂಟಿನ ಹೊಸ ಪ್ರಕರಣಗಳು ಗಣನೀಯವಾಗಿ ಇಳಿದವು.